ಒಂಬತ್ತನೇ ನಂಬರಿನ ಹಾಲು

ಫೆಬ್ರವರಿ 3

ಅಕ್ಕಾ,

ನಿನ್ನ ಬಾಟಲಿ ಬಂತು. ನಿನ್ನ ಎಂದರೆ ನಿನ್ನ ಲ್ಯಾಬಿನದು. ಮಕ್ಕಳ ತೂಕ ನೋಡುವ ನರ್ಸ್ ಮೊನ್ನೆ ಐಸ್ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಕ್ವಾರ್ಟರ್ಸಿಗೆ ಬಂದು, ಹಾಲುಣಿಸುವ ಹೆಂಗಸರನ್ನೆಲ್ಲ ಪಂಪ್‌ಹೌಸಿನ ಪಕ್ಕದ ಕೋಣೆಯಲ್ಲಿ ಕೂರಿಸಿದರು. ನಾವು ಹನ್ನೆರಡು ಜನ. ಒಬ್ಬೊಬ್ಬಳ ಕೈಗೂ ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಬಾಟಲಿ. "ಪರೀಕ್ಷೆಗೆ ಕಣ್ರಮ್ಮಾ, ಬರೀ ಪರೀಕ್ಷೆಗೆ" ಎಂದರು ಅವರು. "ಪಾಸಾದ್ರೆ ಏನ್ ಕೊಡ್ತೀರಾ?" ಎಂದಳು ನಮ್ಮ ಪಕ್ಕದ ಮನೆಯ ಟೈಲರ್. ನಕ್ಕು ನಕ್ಕು ಅರ್ಧ ಹಾಲು ನೆಲಕ್ಕೇ ಹೋಯಿತು. ನನ್ನ ಬಾಟಲಿಯ ಮೇಲೆ ಒಂಬತ್ತು ಎಂದು ಅಂಟಿಸಿದರು. ಶಾಲೆಯಲ್ಲೂ ನನ್ನ ಹಾಜರಿ ನಂಬರ್ ಒಂಬತ್ತೇ ಆಗಿತ್ತು, ನೆನಪಿದೆಯಾ? ಒಂಬತ್ತು ಬಂದರೆ ಸ್ವಲ್ಪ ನೋಡಿಕೊಂಡು ಮಾರ್ಕ್ಸ್ ಹಾಕು.

ಫೋನ್ ಮಾಡಬಾರದೇ ಎಂದು ಬೈದಿದ್ದೀಯ. ಈ ಒಂದೂವರೆ ಕೋಣೆಯಲ್ಲಿ ನಾನು ಫೋನ್ ಹಿಡಿದರೆ ಮಾವ ರೇಡಿಯೋ ಸಣ್ಣಗೆ ಮಾಡುತ್ತಾರೆ, ಇವರು ಚಮಚ ಕೆಳಗಿಡುತ್ತಾರೆ. ಆಮೇಲೆ ಇಬ್ಬರೂ ಏನೂ ಕೇಳಿಸಿಕೊಳ್ಳದವರ ಹಾಗೆ ಗೋಡೆ ನೋಡುತ್ತಾ ಕೂರುತ್ತಾರೆ. ಕಾಗದವಾದರೆ ನನ್ನದು ಮಾತ್ರ.

ಬಟಾಣಿಗೆ ಮೂರು ತಿಂಗಳು ತುಂಬಿತು. ನಾಲ್ಕು ಕಿಲೋ ಒಂಬೈನೂರು ಗ್ರಾಂ. ನರ್ಸ್ ಕಾರ್ಡಿನಲ್ಲಿ ಚುಕ್ಕಿ ಇಟ್ಟು, ಹಿಂದಿನ ಚುಕ್ಕಿಗೆ ಗೆರೆ ಎಳೆದು, "ಗೆರೆ ಸ್ವಲ್ಪ ಮಲಗ್ತಾ ಇದೆ" ಎಂದರು. ನನಗೆ ಕೋಪ ಬಂತು. ಮಗು ಎದ್ದಿದೆ, ಗೆರೆ ಮಲಗಿದರೆ ಮಲಗಲಿ. ಆದರೂ ಅವತ್ತಿನಿಂದ ಕಾರ್ಡನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೇನೆ.

ಇವರಿಗೆ ಕೈತುಂಬ ಕೆಲಸ. ಸುಟ್ಟುಹೋದ ಹಳೆ ಟ್ರಾನ್ಸ್‌ಫಾರ್ಮರುಗಳು ಇವರ ವರ್ಕ್‌ಶಾಪಿಗೆ ಲಾರಿ ಲಾರಿ ಬಂದು ಬೀಳುತ್ತಿವೆ. ಅವುಗಳ ಹೊಟ್ಟೆ ಬಿಚ್ಚಿ ಎಣ್ಣೆ ಬಸಿದು, ತಂತಿ ಬಿಚ್ಚಿ, ಹೊಸ ತಂತಿ ಸುತ್ತುವುದರಲ್ಲಿ ಮನುಷ್ಯ ಮಗಳ ಮುಖ ನೋಡುವುದಕ್ಕೂ ಪುರುಸೊತ್ತಿಲ್ಲದೆ ಓಡಾಡುತ್ತಿದ್ದಾರೆ.

ನಿನ್ನ
ಮೊಂಡಿ


ಫೆಬ್ರವರಿ 19

ಮೊಂಡಿ,

ಬಟಾಣಿಗೆ ಮುತ್ತು. ನಿನಗೆ ಪ್ರಶ್ನೆಗಳು. ಯಾಕೆ ಏನು ಎಂದು ತಲೆ ತಿನ್ನದೆ ಉತ್ತರ ಬರಿ.

ನಿನ್ನ ಗಂಡ ಕೆಲಸದ ಬಟ್ಟೆಯಲ್ಲೇ ಮನೆಗೆ ಬರುತ್ತಾನಾ? ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸುತ್ತೀಯಾ? ಟ್ರಾನ್ಸ್‌ಫಾರ್ಮರಿನ ಹಳೆ ಎಣ್ಣೆ ಮನೆಯೊಳಗೆ ಎಲ್ಲಾದರೂ ಇದೆಯಾ? ಬಾಗಿಲ ಕೀಲಿಗೆ, ಹೊಲಿಗೆ ಮಿಷನ್ನಿಗೆ, ಒಲೆಗೆ, ಯಾವುದಕ್ಕಾದರೂ? ಸರಿಯಾಗಿ ಹುಡುಕಿ ಬರಿ. ಮಂಚದ ಕೆಳಗೂ ನೋಡು.

ಹೆದರಬೇಡ. ಇದು ಸಾಮಾನ್ಯವಾಗಿ ಹೇಳುತ್ತಿರುವ ಮಾತು. ಇಂಥ ಕಾರ್ಖಾನೆಗಳ ಸುತ್ತ ಇರುವ ಕೆಲವು ತಾಯಂದಿರ ಹಾಲಿನಲ್ಲಿ ಹಳೆ ಎಣ್ಣೆಯ ರಾಸಾಯನಿಕ ಸಿಗುವುದುಂಟು. ಅದು ನೀರಿನಲ್ಲಿ ಕರಗಿ ಹೊರಗೆ ಹೋಗುವಂಥದ್ದಲ್ಲ, ಮೈಯ ಕೊಬ್ಬಿನಲ್ಲಿ ಹೋಗಿ ಕೂರುತ್ತದೆ, ಹಾಲಿನ ಕೊಬ್ಬಿನ ಜೊತೆ ಸ್ವಲ್ಪ ಸ್ವಲ್ಪ ಬರುತ್ತದೆ. ಕೆಲವು ಮಕ್ಕಳ ಬೆಳವಣಿಗೆ ಅದರಿಂದ ನಿಧಾನವಾಗಬಹುದು ಎನ್ನುತ್ತಾರೆ. ಹಾಗೆಂದು ಹಾಲು ಬಿಡಿಸಬೇಕಾಗಿಲ್ಲ. ಎದೆಹಾಲಿನಷ್ಟು ಒಳ್ಳೆಯದು ಮಗುವಿಗೆ ಬೇರೆ ಇಲ್ಲ. ಎಣ್ಣೆಯನ್ನು ದೂರ ಇಟ್ಟರೆ ಸಾಕು.

ನಿನ್ನ ಬಾಟಲಿ ಏನಾಯಿತು ಎಂದು ಕೇಳಬೇಡ. ನಮ್ಮಲ್ಲಿ ನಂಬರ್ ಮಾತ್ರ ಇರುತ್ತದೆ, ಯಾರದೆಂದು ನಮಗೆ ಗೊತ್ತಾಗುವುದಿಲ್ಲ. ಇಡೀ ವರದಿ ಮುಗಿಯುವ ತನಕ ಯಾರಿಗೂ ಏನೂ ಹೇಳುವಂತಿಲ್ಲ ಎಂಬುದು ಈ ಪರೀಕ್ಷೆ ನಡೆಸುವ ನಮ್ಮ ಮೇಡಂ ಮಾಡಿರುವ ನಿಯಮ. ಅದಕ್ಕೆ ನಾವೆಲ್ಲ ಸಹಿ ಹಾಕಿದ್ದೇವೆ. ಈ ಕಾಗದದ ವಿಷಯವನ್ನೂ ಮನೆಯಲ್ಲಿ ಬಾಯಿ ಬಿಡಬೇಡ. ನನ್ನ ಕೆಲಸಕ್ಕೆ ಕುತ್ತು ಬರುತ್ತದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಪಕ್ಕದ ಕೋಣೆಯವಳು ಹಾಡು ಕಲಿಯುತ್ತಿದ್ದಾಳೆ. ಅದೊಂದೇ ಕಷ್ಟ.

ಅಕ್ಕ


ಫೆಬ್ರವರಿ 27

ಅಕ್ಕಾ,

ನಂಬರ್ ಒಂಬತ್ತು ಎಂದು ನಾನೇ ಬರೆದು ಕಳಿಸಿದ್ದೆ. ಯಾರದೆಂದು ನಿನಗೆ ಹೇಗೆ ಗೊತ್ತಾಗುವುದಿಲ್ಲ? ಹೋಗಲಿ, ನಿಯಮ ಇದೆ ಎನ್ನುತ್ತೀಯ, ಸಾಮಾನ್ಯವಾಗಿ ಹೇಳಿದೆ ಎನ್ನುತ್ತೀಯ. ಮಂಚದ ಕೆಳಗೆ ನೋಡು ಎಂದು ಯಾರಾದರೂ ಸಾಮಾನ್ಯವಾಗಿ ಹೇಳುತ್ತಾರಾ?

ಮಂಚದ ಕೆಳಗೇ ಇತ್ತು.

ಮಾವ ಮೂವತ್ತು ವರ್ಷ ಎಣ್ಣೆ ಬಸಿಯುವ ಕೆಲಸದಲ್ಲಿದ್ದವರು. ಅಲ್ಲಿನ ಹಳಬರೆಲ್ಲ ಮಂಡಿ ನೋವಿಗೆ ಅದೇ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಬಿಸಿ ಮಾಡಿ ತಿಕ್ಕಿದರೆ ನೋವು ಇಳಿಯುತ್ತದಂತೆ. ಹೆರಿಗೆಯ ಮೇಲೆ ನನ್ನ ಸೊಂಟ ಹಿಡಿದುಕೊಂಡಾಗ ಮಾವ ಒಂದು ಬಾಟಲಿಯನ್ನು ತೊಳೆದು ಒಣಗಿಸಿ, ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ತುಂಬಿ ತಂದುಕೊಟ್ಟರು. "ಅಂಗಡಿ ಎಣ್ಣೆ ಎಲ್ಲ ನೀರು ಕಣಮ್ಮಾ, ಇದು ಕರೆಂಟನ್ನೇ ಪಳಗಿಸಿದ್ದು" ಎಂದರು. ಅತ್ತೆ ಇದ್ದಿದ್ದರೆ ಅವರೇ ತಿಕ್ಕುತ್ತಿದ್ದರಂತೆ, ಆಕೆ ಇಲ್ಲವಲ್ಲ ಎಂದು ಕಣ್ಣೊರೆಸಿಕೊಂಡರು. ಮೂರು ತಿಂಗಳು ದಿನಾ ಸ್ನಾನಕ್ಕೆ ಮುಂಚೆ ತಿಕ್ಕಿಕೊಂಡಿದ್ದೇನೆ, ಅಕ್ಕ. ಸೊಂಟಕ್ಕೆ, ಬೆನ್ನಿಗೆ, ಹೆಗಲಿಗೆ.

ಇವತ್ತು ಎಸೆದೆ. ಕಾರಣ ಹೇಳಬೇಡ ಎಂದು ನೀನು ಬಾಯಿ ಕಟ್ಟಿದ್ದೀಯ, ಆದ್ದರಿಂದ ವಾಸನೆಗೆ ತಲೆ ಸಿಡಿಯುತ್ತದೆ ಎಂದೆ. ಮಾವನ ಮುಖ ಸಣ್ಣದಾಯಿತು. ಇವರ ಬಟ್ಟೆಗೆ ಬೇರೆ ಬಕೆಟ್ ಇಟ್ಟಿದ್ದೇನೆ. ಬಾಗಿಲಲ್ಲೇ ಬಟ್ಟೆ ಬದಲಿಸಿ ಒಳಗೆ ಬನ್ನಿ ಎಂದಿದ್ದಕ್ಕೆ "ಇದೇನು ಆಪರೇಷನ್ ಥಿಯೇಟರಾ?" ಎಂದು ಇವರು ಗೊಣಗಿದರು.

ಈಗ ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನನ್ನ ಹಾಲಿನಲ್ಲಿ ಇದೆಯಾ, ಇಲ್ಲವಾ?

ಬಟಾಣಿ ಐದು ಕಿಲೋ ನೂರು. ಕೊಬ್ಬಿನಲ್ಲಿ ಹೋಗಿ ಕೂರುತ್ತದೆ ಎಂದು ಬರೆದಿದ್ದೆಯಲ್ಲ, ಅದಕ್ಕೊಂದು ದಾರಿ ಕಂಡುಕೊಂಡಿದ್ದೇನೆ. ನೀನೇನೂ ಚಿಂತೆ ಮಾಡಬೇಡ.

ಮೊಂಡಿ


ಮಾರ್ಚ್ 8

ಮೊಂಡಿ,

ನಿನ್ನ ಕಾಗದ ಓದಿ ಕುರ್ಚಿಯಲ್ಲಿ ಹಾಗೇ ಕುಳಿತುಬಿಟ್ಟೆ. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟೆ. ಮೂಲ ಸಿಕ್ಕಿತಲ್ಲ, ಅದೇ ದೊಡ್ಡದು. ಎಸೆದದ್ದು ಒಳ್ಳೆಯ ಕೆಲಸ. ಹೋದ ಜನ್ಮದಲ್ಲಿ ಎಲ್ಲೋ ಪುಣ್ಯ ಮಾಡಿದ್ದೆ ಎಂದು ಕಾಣುತ್ತದೆ, ನನ್ನ ಮಾತನ್ನು ಮೊದಲ ಸಲಕ್ಕೇ ಕೇಳಿದ್ದೀಯ.

ಇನ್ನು ಹಾಲು ತಾನಾಗಿ ಸರಿಹೋಗುತ್ತಾ ಬರುತ್ತದೆ. ಇದೆಯಾ ಇಲ್ಲವಾ ಎಂದು ನನ್ನನ್ನು ಹಿಂಡಬೇಡ. ಹೇಳುವ ಹಾಗಿದ್ದರೆ ಹೇಳುತ್ತಿರಲಿಲ್ಲವಾ? ಧೈರ್ಯವಾಗಿರು, ಹೊತ್ತು ಹೊತ್ತಿಗೆ ಕುಡಿಸು, ವಾರ ವಾರ ಮಗುವಿನ ತೂಕ ಬರೆದು ಕಳಿಸು. ಗ್ರಾಮಿನ ಲೆಕ್ಕದಲ್ಲಿ ಬರಿ. ಮುಂದಿನ ವಾರಗಳಲ್ಲಿ ಅದೇ ಹನ್ನೆರಡು ಜನರಿಂದ ಎರಡನೇ ಸಲ ಹಾಲು ತೆಗೆದುಕೊಳ್ಳುತ್ತಾರೆ. ತಪ್ಪಿಸಿಕೊಳ್ಳಬೇಡ.

ಮಾವನನ್ನು ಮಾತಾಡಿಸು. ಪಾಪ, ಪ್ರೀತಿಯಿಂದ ಕೊಟ್ಟದ್ದು.

ಅಕ್ಕ


ಮಾರ್ಚ್ 20

ಅಕ್ಕಾ,

ಎರಡನೇ ಬಾಟಲಿ ಕೊಟ್ಟೆ. ಈ ಸಲ ಅದು ತುಂಬುವುದಕ್ಕೆ ಬಹಳ ಹೊತ್ತು ಹಿಡಿಯಿತು, ನರ್ಸ್ ಎರಡು ಸಲ ಬಾಗಿಲು ತಟ್ಟಿದರು. ನನ್ನನ್ನೂ ತೂಕದ ಯಂತ್ರದ ಮೇಲೆ ನಿಲ್ಲು ಎಂದರು. ಮಗು ಅಳುತ್ತಿದೆ ಎಂದು ಹೇಳಿ ಜಾರಿಕೊಂಡೆ. ಅವರಿಗೂ ಇನ್ನೂ ಎಂಟು ಜನ ಕಾಯುತ್ತಿದ್ದರು, ಒತ್ತಾಯ ಮಾಡಲಿಲ್ಲ.

ಬಟಾಣಿಯ ತೂಕ ಐದು ಸಾವಿರದ ಇನ್ನೂರು ಗ್ರಾಂ. ಮೂರು ವಾರಕ್ಕೆ ನೂರು ಗ್ರಾಂ. ನರ್ಸ್ ಈಗ ಗೆರೆಯ ಬಗ್ಗೆ ಏನೂ ಹೇಳುವುದಿಲ್ಲ, ಸುಮ್ಮನೆ ಎಳೆಯುತ್ತಾರೆ. ಅದೇ ನನಗೆ ಹೆಚ್ಚು ಭಯ. ಕುಡಿದ ಮೇಲೂ ಮಗು ಬಾಯಿ ತೆರೆದು ಹುಡುಕುತ್ತದೆ, ಸಿಗದಿದ್ದರೆ ನನ್ನ ಕತ್ತನ್ನೇ ಚೀಪುತ್ತದೆ. ಅಳುವುದಕ್ಕೂ ಸೋಮಾರಿತನ ಬಂದುಬಿಟ್ಟಿದೆ, ನನ್ನ ಮಗಳಿಗೆ!

ಆದರೂ ನಾನು ಕೈಚೆಲ್ಲಿ ಕೂತಿಲ್ಲ. ನಿನ್ನ ತಂಗಿ ಏನು ಮಾಡಬೇಕೋ ಅದನ್ನು ಮಾಡುತ್ತಿದ್ದಾಳೆ. ಉಂಗುರ ಬೆರಳಲ್ಲಿ ನಿಲ್ಲದೆ ದಾರ ಸುತ್ತಿಕೊಂಡಿದ್ದೇನೆ. ಟೈಲರ್ ನನ್ನ ಎರಡು ಅಂಗಿಗಳನ್ನು ಬಿಗಿ ಮಾಡಿಕೊಟ್ಟಳು. "ಮದುವೆ ಹುಡುಗಿ ತರ ಆಗಿದ್ದೀಯಲ್ಲೇ, ನಂಗೂ ಹೇಳಿಕೊಡೇ" ಎಂದಳು. ಅವಳಿಗೂ ಎಂಟು ತಿಂಗಳ ಗಂಡು ಮಗು. ಹೇಳಿಕೊಟ್ಟೆ. ಯಾಕೆ ಎಂದು ಮಾತ್ರ ಹೇಳಲಿಲ್ಲ.

ಫಲಿತಾಂಶ ಬಂದರೆ ಈ ಸಲವಾದರೂ ಒಂದು ಮಾತು ಬರಿ. ಒಳ್ಳೆಯದಿದ್ದರೆ "ಚೆನ್ನಾಗಿದೆ" ಎಂದಷ್ಟೇ ಬರಿ. ಅದರಿಂದ ಯಾವ ನಿಯಮ ಮುರಿಯುತ್ತದೆ?

ಮೊಂಡಿ


ಏಪ್ರಿಲ್ 2

ಮೊಂಡಿ,

ನಿಮ್ಮ ಮನೆಯಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ.

ಎಣ್ಣೆ ಇನ್ನೂ ಇದೆ. ನೀನು ಎಸೆದ ಬಾಟಲಿ ಒಂದು, ಹಾಗೆ ಎಸೆಯದೆ ಉಳಿದದ್ದು ಎಷ್ಟೋ. ಮಾವ ಇನ್ನೂ ತಿಕ್ಕಿಕೊಂಡು ಅದೇ ಕೈಯಲ್ಲಿ ಮಗುವನ್ನು ಎತ್ತುತ್ತಿದ್ದಾರಾ? ನಿನ್ನ ಗಂಡ ಬಾಗಿಲಲ್ಲಿ ಬಟ್ಟೆ ಬದಲಿಸುತ್ತಾನಾ ಅಥವಾ ನೀನು ಒಳಗಿರುವಾಗ ಹಾಗೇ ನುಗ್ಗುತ್ತಾನಾ? ನಿನಗೆ ಹೇಳದೆ ಅಡುಗೆಯ ಪಾತ್ರೆಯಲ್ಲಿ ಆ ಎಣ್ಣೆ ಬಿಸಿ ಮಾಡಿದ್ದಾರಾ? ಇವತ್ತೇ ಕೂರಿಸಿ ಕೇಳು. ಮುಲಾಜು ನೋಡಬೇಡ. ಎಣ್ಣೆ ನಿಂತಿದ್ದರೆ ನಿನ್ನ ಅಂಕಿ ಮೊದಲಿಗಿಂತ ಇಷ್ಟು ಏರಲು ಸಾಧ್ಯವೇ ಇಲ್ಲ. ಸರಿಸುಮಾರು ಒಂದೂವರೆ ಪಟ್ಟು! ಮಿಷನ್ ತಪ್ಪಿರಬಹುದೆಂದು ಮೂರು ಸಲ ಓಡಿಸಿದೆ. ಮೂರು ಸಲವೂ ಅದೇ.

ಇಲ್ಲಿಂದ ಏನು ಮಾಡಲಿ ನಾನು? ನಿನ್ನ ಸಂಸಾರದವರಿಗೆ ಮಗು ಬೇಕೋ ಎಣ್ಣೆ ಬೇಕೋ ಕೇಳು.

ಅಕ್ಕ


ಏಪ್ರಿಲ್ 7

ಅಕ್ಕ,

ಮೊದಲಿಗಿಂತ ಎಂದು ಬರೆದಿದ್ದೀಯ. ಹಾಗಾದರೆ ಮೊದಲಿನದ್ದು ಒಂದಿತ್ತು. ಅದು ನಿನಗೆ ಗೊತ್ತಿತ್ತು. ಫೆಬ್ರವರಿಯಲ್ಲೇ ಗೊತ್ತಿತ್ತು.

ನೀನು ಹೇಳಿದ ಹಾಗೆ ಕೂರಿಸಿ ಕೇಳಿದೆ. ಇವರು ಬಾಯಿಗೆ ಬಂದಂತೆ ಕೂಗಾಡಿದರು. ಮಾವ ಕೂಗಾಡಲಿಲ್ಲ. "ಅವತ್ತಿಂದ ನಾನು ಮುಟ್ಟಿಲ್ಲಮ್ಮಾ. ನಿಂಗೆ ವಾಸನೆ ಆಗಲ್ಲ ಅಂದ್ಯಲ್ಲ, ಅವತ್ತಿಂದ ಮುಟ್ಟಿಲ್ಲ" ಎಂದರು. ನಾನು ನಂಬಲಿಲ್ಲ. ನನ್ನ ಅಕ್ಕನ ಮಿಷನ್ ಮೂರು ಸಲ ಹೇಳಿದ ಮೇಲೆ ಮುದುಕರ ಮಾತು ಹೇಗೆ ನಂಬಲಿ? ಮುಖಕ್ಕೇ ಸುಳ್ಳು ಎಂದೆ. ಅವರು ಹಾಸಿಗೆ ಸುತ್ತಿಕೊಂಡು ಹೋಗಿ ವರ್ಕ್‌ಶಾಪಿನ ಸ್ಟೋರ್ ರೂಮಿನಲ್ಲಿದ್ದಾರೆ. ಇವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಬಟಾಣಿಯ ತೂಕ ಐದು ಸಾವಿರದ ನೂರು. ಏರಿಲ್ಲ, ಇಳಿದಿದೆ.

ಫೋನ್ ಮೇಲೆ ಫೋನ್ ಮಾಡುತ್ತಿದ್ದೀಯ. ತೆಗೆಯುವುದಿಲ್ಲ. ತೆಗೆದರೆ ನೀನು ಸಮಾಧಾನ ಹೇಳುತ್ತೀಯ, ನಾನು ಎಲ್ಲಾ ಮರೆಯುತ್ತೇನೆ. ಅಮ್ಮನ ಕಾಯಿಲೆಯ ಸಮಯದಲ್ಲೂ ಹೀಗೇ ಮಾಡಿದೆ. ನನ್ನ ಪರೀಕ್ಷೆ ಮುಗಿಯಲಿ, ಮುಗಿಯಲಿ ಎಂದು ಮುಚ್ಚಿಟ್ಟೆ. ನಾನು ಬರುವ ಹೊತ್ತಿಗೆ ಅಮ್ಮನಿಗೆ ನನ್ನ ಗುರುತು ಸಿಗಲಿಲ್ಲ.

ನಾನು ಮಾಡುತ್ತಿರುವುದನ್ನು ಇನ್ನೂ ಗಟ್ಟಿಯಾಗಿ ಮಾಡುತ್ತೇನೆ. ಮಧ್ಯಾಹ್ನದ್ದನ್ನೂ ಬಿಡುತ್ತೇನೆ. ನಿನ್ನ ಕಾಗದ ಬೇಡ.


ಏಪ್ರಿಲ್ 8

ಮೊಂಡಿ, ಮೊದಲು ಎದ್ದು ಹೋಗಿ ಊಟ ಮಾಡು. ಹೊಟ್ಟೆ ತುಂಬ. ಆಮೇಲೆ ಮುಂದಕ್ಕೆ ಓದು.

ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ನಿನ್ನೆಯಿಂದ ನೀನು ಫೋನ್ ತೆಗೆಯುತ್ತಿಲ್ಲ. ನಿನ್ನ ಗಂಡನಿಗೆ ಮಾಡಿದರೆ "ನಿಮ್ಮ ತಂಗಿ ಹತ್ರಾನೇ ಕೇಳಿ" ಎಂದು ಇಟ್ಟುಬಿಟ್ಟ.

ನಿನ್ನೆ ಮೇಡಂ ಎರಡನೇ ಸುತ್ತಿನ ಕಾಗದಗಳನ್ನು ನೋಡುತ್ತಾ ಕುಳಿತಿದ್ದರು. ಒಂಬತ್ತರ ಮೇಲೆ ಬೆರಳಿಟ್ಟು ನನ್ನನ್ನು ಕರೆದರು. "ಈ ತಾಯಿ ತೂಕ ಎರಡು ಸಲಾನೂ ಐವತ್ತೆಂಟು ಅಂತ ಇದೆ. ಎರಡು ಸಲ ನೋಡಿದ್ರಾ?" ಎಂದರು. ನೋಡಿರಲಿಲ್ಲ. ನರ್ಸ್ ಆ ಜಾಗ ಖಾಲಿ ಬಿಟ್ಟು ಕಳಿಸಿದ್ದರು. ಖಾಲಿ ಇದ್ದರೆ ಫಾರಂ ವಾಪಸು ಹೋಗುತ್ತದೆ, ಹಾಲು ಕೆಡುತ್ತದೆ. ದೊಡ್ಡವರ ತೂಕ ಆರು ವಾರದಲ್ಲಿ ಎಷ್ಟು ಮಹಾ ಬದಲಾಗುತ್ತದೆ ಎಂದು ಮೊದಲಿನ ಫಾರಂ ನೋಡಿ ಐವತ್ತೆಂಟು ಎಂದು ತುಂಬಿದವಳು ನಾನೇ. ಲ್ಯಾಬಿನಲ್ಲಿ ನಾವೆಲ್ಲ ಮಾಡುವ ಕೆಲಸ ಅದು. ಯಾರೂ ತಪ್ಪು ಎಂದುಕೊಂಡಿರಲಿಲ್ಲ.

ಮೇಡಂ ಕನ್ನಡಕ ತೆಗೆದರು. "ಈಕೆ ಊಟ ಬಿಟ್ಟಿದ್ದಾಳೆ" ಎಂದರು. ಹಾಲಿನಲ್ಲಿ ಕೊಬ್ಬು ಕಡಿಮೆ, ಆ ಕೊಬ್ಬಿನೊಳಗೆ ರಾಸಾಯನಿಕ ಹೆಚ್ಚು. ಮೈ ವೇಗವಾಗಿ ಕರಗಿದರೆ, ವರ್ಷಗಳಿಂದ ಕೊಬ್ಬಿನಲ್ಲಿ ಕೂತಿದ್ದದ್ದೆಲ್ಲ ಒಟ್ಟಿಗೆ ಎದ್ದು ರಕ್ತಕ್ಕೆ, ಅಲ್ಲಿಂದ ಹಾಲಿಗೆ ಬರುತ್ತದಂತೆ.

ನಾನು ಕೋಣೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಮತ್ತೆ ಹರಡಿಕೊಂಡೆ. ಉಂಗುರಕ್ಕೆ ದಾರ. ಬಿಗಿ ಮಾಡಿಸಿದ ಅಂಗಿ. ತುಂಬದ ಬಾಟಲಿ. ದಾರಿ ಕಂಡುಕೊಂಡಿದ್ದೇನೆ ಎಂದು ನೀನು ಫೆಬ್ರವರಿಯಲ್ಲೇ ಬರೆದಿದ್ದೆ. ಯಾವ ದಾರಿಯೇ ಎಂದು ಒಂದು ಸಲವಾದರೂ ಕೇಳಲಿಲ್ಲ ನಾನು. ಮಗುವಿನ ತೂಕ ಗ್ರಾಮಿನ ಲೆಕ್ಕದಲ್ಲಿ ಕೇಳಿದೆ. ನಿನ್ನದನ್ನು ಕಿಲೋ ಲೆಕ್ಕದಲ್ಲೂ ಕೇಳಲಿಲ್ಲ. ಕೊಬ್ಬಿನಲ್ಲಿ ಕೂರುತ್ತದೆ ಎಂದು ಅರ್ಧ ಹೇಳಿ ನಿಲ್ಲಿಸಿದೆ, ಉಳಿದರ್ಧವನ್ನು ನೀನೇ ಮಾಡಿಕೊಂಡೆ. ಕೊಬ್ಬು ಕರಗಿಸಿದರೆ ವಿಷ ಹೋಗುತ್ತದೆ ಎಂದುಕೊಂಡೆ, ಅಲ್ಲವಾ? ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ನಾನು ಬಾಯಿ ಬಿಟ್ಟು ಪೂರ್ತಿ ಹೇಳಿದ್ದರೆ ನೀನು ಕೇಳುತ್ತಿದ್ದೆ, ಗಲಾಟೆ ಮಾಡುತ್ತಿದ್ದೆ, ಊಟ ಮಾತ್ರ ಬಿಡುತ್ತಿರಲಿಲ್ಲ.

ಈಗ ಪೂರ್ತಿ ಹೇಳುತ್ತೇನೆ. ಒಂಬತ್ತನೇ ನಂಬರ್ ನಿನ್ನದೆಂದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಫೆಬ್ರವರಿ ಹದಿನೇಳಕ್ಕೆ ಫಲಿತಾಂಶ ಬಂತು. ಇರಬಾರದಷ್ಟು ಇತ್ತು. ಹನ್ನೆರಡರಲ್ಲಿ ನಿನ್ನದು ಮೇಲಿನಿಂದ ಮೂರನೆಯದು. ಬಟಾಣಿ ಬೆಳೆಯದಿರುವುದು ಅದರಿಂದಲೇ ಎಂದು ಒಂದು ಮಗುವನ್ನು ನೋಡಿ ಹೇಳಲಾಗುವುದಿಲ್ಲ ಎನ್ನುತ್ತಾರೆ ಮೇಡಂ. ಆದರೆ ಈ ಆರು ವಾರ ಅವಳು ಬೆಳೆಯದಿರುವುದು ಅವಳ ಹೊಟ್ಟೆಗೆ ಸಾಕಷ್ಟು ಹಾಲು ಸಿಗದೆ, ಅದರಲ್ಲಿ ಅನುಮಾನವಿಲ್ಲ. ಆ ಆರು ವಾರ ನನ್ನ ಕೈಯಿಂದ ಆದದ್ದು.

ಊಟ ಮಾಡು. ಮೂರು ಹೊತ್ತೂ ಮಾಡು. ಹಾಲು ಬಿಡಿಸಬೇಡ. ಎಣ್ಣೆ ನಿಂತಿದೆ, ಇನ್ನು ಮೈ ಕರಗುವುದು ನಿಂತರೆ ಅಂಕಿ ಇಳಿಯುತ್ತದೆ. ನಿಮ್ಮ ಮಾವ ಸುಳ್ಳು ಹೇಳಿರಲಿಕ್ಕಿಲ್ಲ. ಸುಳ್ಳು ಹೇಳಿದ್ದು ನಾನು.

ಅಕ್ಕ


ಏಪ್ರಿಲ್ 26

ಅಕ್ಕ,

ನಿನ್ನ ಕೊರಿಯರ್ ಬಂದದ್ದು ಹತ್ತನೇ ತಾರೀಕು ಮಧ್ಯಾಹ್ನ. ಊಟ ಮಾಡಿ ಓದು ಎಂದಿದ್ದೆ. ಓದಿದ ಮೇಲೆ ಊಟ ಮಾಡಿದೆ. ಮಾಡಿದೆ ಎಂದರೆ ನಿಂತುಕೊಂಡೇ, ಪಾತ್ರೆಯಿಂದಲೇ, ಅಳುತ್ತಾ ತಿಂದೆ. ಅರ್ಧದಲ್ಲಿ ಟೈಲರ್ ನೆನಪಾಗಿ, ತೊಳೆಯದ ಕೈಯಲ್ಲೇ ಅವಳ ಮನೆಗೆ ಓಡಿದೆ.

ಅವಳಿಗೂ ನಾನೇ ಹೇಳಿಕೊಟ್ಟಿದ್ದೆ ಎಂದು ಬರೆದಿದ್ದೆನಲ್ಲ. ಒಂದು ತಿಂಗಳಿಂದ ಅವಳೂ ರಾತ್ರಿಯ ಊಟ ಬಿಟ್ಟಿದ್ದಳು. ನನಗಾದರೆ ಮಗುವಿನ ಚಿಂತೆಗೆ. ಅವಳಿಗೆ ತೆಳ್ಳಗಾಗುವ ಆಸೆಗೆ. ಮಿಷನ್ ತುಳಿಯುತ್ತಾ ಕುಳಿತಿದ್ದಳು. ಉಸಿರು ಕಟ್ಟಿಕೊಂಡು ಎಲ್ಲವನ್ನೂ ಹೇಳಿದೆ. ಎಣ್ಣೆ, ಹಾಲು, ಕೊಬ್ಬು, ನನ್ನ ಅಂಕಿ, ನಿನ್ನ ನಿಯಮ, ಯಾವುದನ್ನೂ ಬಿಡಲಿಲ್ಲ. ನಿನ್ನ ಕೆಲಸಕ್ಕೆ ಕುತ್ತು ಬಂದರೆ ಬರಲಿ ಎಂದುಕೊಂಡೇ ಹೇಳಿದೆ. ಅವಳ ಮನೆಯಲ್ಲೂ ಹೊಲಿಗೆ ಮಿಷನ್ನಿಗೆ ಅದೇ ಎಣ್ಣೆ, ಅವಳ ಗಂಡನ ಮೊಣಕೈಗೂ ಅದೇ ಎಣ್ಣೆ. ಅವಳು ನನ್ನನ್ನು ಬೈಯಲಿಲ್ಲ. ಮಿಷನ್ ನಿಲ್ಲಿಸಿ, "ನನ್ ನಂಬರ್ ನಾಲ್ಕು ಕಣೇ. ನಂದೆಷ್ಟು?" ಎಂದಳು.

ನನಗೆ ಗೊತ್ತಿಲ್ಲ ಎಂದೆ. "ನಿಂದು ಮಾತ್ರ ಹೇಗೆ ಗೊತ್ತಾಯ್ತು?" ಎಂದಳು. ನಮ್ಮಕ್ಕ ಅಲ್ಲಿದ್ದಾಳೆ ಎಂದೆ. "ಓ, ಹಾಗಾ" ಎಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅವತ್ತಿನಿಂದ ಅವಳು ನಮ್ಮ ಬಾಗಿಲಿಗೆ ಬಂದಿಲ್ಲ.

ಅಲ್ಲಿಂದ ಸ್ಟೋರ್ ರೂಮಿಗೆ ಹೋದೆ. ಮಾವ ಖಾಲಿ ಡ್ರಮ್ಮಿನ ಮೇಲೆ ಕುಳಿತು ಬ್ರೆಡ್ ತಿನ್ನುತ್ತಿದ್ದರು. ಕಾಲು ಹಿಡಿದುಕೊಂಡೆ. ಅವರಿಗೆ ಸಿಟ್ಟೇ ಇರಲಿಲ್ಲ, ವಿಷಯ ಕೇಳಿದ ಮೇಲೆ ಭಯ ಮಾತ್ರ ಇತ್ತು. "ನನ್ ಕೈಯಾರೆ ಸೋಸಿ ಕೊಟ್ಟೆನಲ್ಲಮ್ಮಾ" ಎಂದು ಅದೊಂದನ್ನೇ ಹೇಳುತ್ತಿದ್ದರು. ಮರುದಿನ ಬೆಳಿಗ್ಗೆ ನೋಡಿದರೆ ಗೋಣಿಚೀಲ ಹಿಡಿದುಕೊಂಡು ಕ್ವಾರ್ಟರ್ಸಿನ ಮನೆಮನೆಗೂ ಹೋಗಿ ಎಣ್ಣೆ ಬಾಟಲಿ ಕೇಳಿ ತರುತ್ತಿದ್ದಾರೆ. ಕೊಡದವರ ಬಾಗಿಲಲ್ಲಿ ಕೂತೇಬಿಡುತ್ತಾರೆ. ಮೂವತ್ತೊಂದು ಬಾಟಲಿ ಸಿಕ್ಕಿವೆ. ಎಲ್ಲಿ ಸುರಿಯಬೇಕೆಂದು ತಿಳಿಯದೆ ಸ್ಟೋರ್ ರೂಮಿನಲ್ಲಿಟ್ಟು ಬೀಗ ಹಾಕಿದ್ದಾರೆ. ನಿಮ್ಮ ಮೇಡಂಗೆ ಅದನ್ನೂ ಕೇಳು. ಇವರು ಈಗ ಹೇಳಿಸಿಕೊಳ್ಳದೆ ಬಾಗಿಲಲ್ಲೇ ಬಟ್ಟೆ ಬದಲಿಸುತ್ತಾರೆ. ಮಾತಾಡುತ್ತಿದ್ದಾರೆ.

ಹದಿನೈದು ದಿನದಲ್ಲಿ ಬಟಾಣಿ ಮುನ್ನೂರ ಅರವತ್ತು ಗ್ರಾಂ ಏರಿದ್ದಾಳೆ. ನರ್ಸ್ ನಂಬದೆ ಎರಡನೇ ಸಲ ತೂಗಿದರು. ಕುಡಿದು ಮುಗಿಸಿ, ಕುಡಿದವರ ಹಾಗೆ ತಲೆ ಹಿಂದಕ್ಕೆ ಹಾಕಿ ನಿದ್ದೆ ಮಾಡುತ್ತಾಳೆ. ನಿನ್ನೆ ಮೊದಲ ಸಲ ಜೋರಾಗಿ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿಸುವ ಹಾಗೆ ಅತ್ತಳು. ನನಗೆ ಆದ ಸಂತೋಷ ಹೇಳಲಾರೆ. ನಾನು ನಲವತ್ತೊಂಬತ್ತಕ್ಕೆ ಇಳಿದಿದ್ದೆ, ಈಗ ಐವತ್ತೊಂದು. ಯಂತ್ರದ ಮೇಲೆ ನಾನೇ ಹೋಗಿ ನಿಂತೆ.

ನಿನ್ನ ಮೇಲಿನ ಕೋಪ ಇನ್ನೂ ಹೋಗಿಲ್ಲ. ನೀನು ನನ್ನನ್ನು ಸಾಕಿದವಳು. ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ನೀನೇ ತೀರ್ಮಾನ ಮಾಡಿ ಮಾಡಿ ನಿನಗೆ ಅದೇ ಅಭ್ಯಾಸವಾಗಿದೆ. ಆದರೂ ನನಗೆ ನೀನಿದ್ದೆ, ಅರ್ಧ ಸತ್ಯವಾದರೂ ಸಿಕ್ಕಿತು. ಉಳಿದ ಹನ್ನೊಂದು ಜನರಿಗೆ ಅದೂ ಇಲ್ಲ. ನನ್ನದು ಮೇಲಿನಿಂದ ಮೂರನೆಯದು ಎಂದು ಬರೆದಿದ್ದೀಯ. ಮೊದಲಿನವಳು ಯಾರು, ಎರಡನೆಯವಳು ಯಾರು? ಅವರು ಇವತ್ತು ಊಟ ಮಾಡಿದ್ದಾರಾ? ಅವರ ಮಂಚದ ಕೆಳಗೆ ಏನಿದೆ ಎಂದು ಯಾರು ಕೇಳಿದರು?

ಅವರಿಗೆಲ್ಲ ಹೇಳುವ ಹಾಗಿದ್ದರೆ ಬರಿ. ಇಲ್ಲದಿದ್ದರೆ ಬೇಡ.

ಮೊಂಡಿ


ಮೇ 5

ಮೊಂಡಿ,

ನಿನ್ನ ಕಾಗದವನ್ನು ಹಾಗೇ ತೆಗೆದುಕೊಂಡು ಹೋಗಿ ಮೇಡಂ ಮೇಜಿನ ಮೇಲಿಟ್ಟೆ. ಬಾಯಲ್ಲಿ ಹೇಳಿದ್ದರೆ ನಾನು ಮತ್ತೆ ಅಲ್ಲಲ್ಲಿ ಕತ್ತರಿಸಿ ಹೇಳುತ್ತಿದ್ದೆ. ಅವರು ಓದುವ ತನಕ ನಿಂತಿದ್ದೆ. ಒಂಬತ್ತು ಯಾರೆಂದು ಗೊತ್ತಿದ್ದೂ ಸುಮ್ಮನಿದ್ದೆ, ತೂಕದ ಜಾಗಕ್ಕೆ ನಾನೇ ಅಂಕಿ ತುಂಬಿದೆ, ಎರಡನ್ನೂ ಬರೆದು ಸಹಿ ಹಾಕಿ ಕೊಟ್ಟೆ.

ನನ್ನನ್ನು ಈ ಕೆಲಸದಿಂದ ತೆಗೆದಿದ್ದಾರೆ. ನೀರಿನ ಪರೀಕ್ಷೆಯ ವಿಭಾಗಕ್ಕೆ ಹಾಕಿದ್ದಾರೆ. ಅದು ನ್ಯಾಯವೇ. ಆದರೆ ಅದಾದ ಮೇಲೆ ಮೇಡಂ ತಾವೇ ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ನಿಂತು, "ತಾಯಂದಿರು ಹೆದರಿ ಹಾಲು ಬಿಡಿಸಿಬಿಡ್ತಾರೆ ಅಂತ ಆ ನಿಯಮ ಮಾಡಿದ್ದು ನಾನು. ಹೇಳದೆ ಇದ್ರೆ ಏನ್ ಮಾಡ್ಕೋತಾರೆ ಅಂತ ಯೋಚನೆ ಮಾಡಿರಲಿಲ್ಲ" ಎಂದರು. ವರದಿ ಮುಗಿಯುವುದಕ್ಕೆ ಇನ್ನೂ ಎರಡು ವರ್ಷ ಬೇಕು. ಆ ಹೊತ್ತಿಗೆ ನಿಮ್ಮ ಕ್ವಾರ್ಟರ್ಸಿನ ಮಕ್ಕಳೆಲ್ಲ ಓಡಾಡುತ್ತಿರುತ್ತವೆ. ನಾಲ್ಕು ದಿನ ಅವರಿವರ ಹತ್ತಿರ ಮಾತಾಡಿ, ಜಗಳವಾಡಿ, ನಿನ್ನೆ ಒಪ್ಪಿಗೆ ತಂದರು. ಹನ್ನೆರಡು ಜನರಿಗೂ ಅವರವರ ಮನೆಯಲ್ಲೇ ಕೂತು ಹೇಳಬೇಕು, ಅಂಕಿಯ ಜೊತೆಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನೂ ಹೇಳಬೇಕು. ನರ್ಸ್ ಬರುತ್ತಾರೆ, ಮೇಡಂ ಬರುತ್ತಾರೆ. ನನ್ನನ್ನು ಕರೆದುಕೊಂಡು ಹೋಗಬೇಕಾದ ಅಗತ್ಯ ಅವರಿಗಿಲ್ಲ. ಬರುತ್ತೇನೆ ಎಂದು ನಾನೇ ಕೇಳಿಕೊಂಡೆ. ಬಾಟಲಿಗಳನ್ನು ಎಲ್ಲೂ ಸುರಿಯಬಾರದು, ಅವನ್ನು ಒಯ್ಯಲು ಬೇರೆ ಗಾಡಿ ಬರುತ್ತದೆ ಎಂದು ಮಾವನಿಗೆ ಹೇಳು. ಅವರ ಮಂಡಿಯನ್ನೂ ಅವರ ರಕ್ತವನ್ನೂ ಡಾಕ್ಟರಿಗೆ ತೋರಿಸಬೇಕು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿರುತ್ತೇವೆ. ನಿಮ್ಮ ಮನೆಗೆ ಮೊದಲು ಬರುವುದಿಲ್ಲ. ನಾಲ್ಕನೇ ನಂಬರಿನ ಮನೆಗೆ ಮೊದಲು ಹೋಗುತ್ತೇವೆ.

ಅವಳದು ಎಷ್ಟು ಎಂದು ನಿನಗೆ ಬರೆಯುವುದಿಲ್ಲ. ಅದನ್ನು ಮೊದಲು ಕೇಳಬೇಕಾದವಳು ಅವಳು. ಆದರೆ ಸೋಮವಾರ ಹತ್ತು ಗಂಟೆಗೆ ಮುಂಚೆಯೇ ನೀನು ಅವಳ ಮನೆಗೆ ಹೋಗಿರು. ಅವಳು ಬಾಗಿಲು ತೆಗೆಯದಿದ್ದರೆ ಮಾವ ಕುಳಿತ ಹಾಗೆ ನೀನೂ ಕೂತುಬಿಡು. ಒಳಗೆ ಸೇರಿಸಿದ ಮೇಲೆ ಅವಳ ಪಕ್ಕದಲ್ಲೇ ಇರು. ಅಂಕಿ ಕೇಳಿ ಮನೆಯವರು ಹೆದರಿದರೂ, ನಾವು ಓದಿ ಮುಗಿಸುವ ತನಕ ಅವಳ ಕೈಯಿಂದ ಮಗುವನ್ನು ತೆಗೆದುಕೊಳ್ಳಲು ಯಾರನ್ನೂ ಬಿಡಬೇಡ, ನನ್ನನ್ನೂ ಸೇರಿಸಿ.

ಅಕ್ಕ